ಐದು ವರ್ಷದ ನಂತರವೂ ಈ ಓಎಸ್ ಇರುತ್ತದೆಯೇ? ಒಪ್ಪಿಕೊಳ್ಳುವ ಮೊದಲು ಪರೀಕ್ಷಿಸುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದಾದರೂ ಇರಬೇಕು. ಹೀಗಾಗಿ ಚೆನ್ನಾಗಿಯೇ ಓಡುತ್ತಿರುವ ಮಷೀನುಗಳನ್ನು ಮುಂದಿಟ್ಟುಕೊಂಡು ಸಹಕಾರ ಸಂಘ, ಶಾಲೆಯ ಲ್ಯಾಬು, ಡಿಟಿಪಿ ಅಂಗಡಿ, ಆಡಿಟರ ಕಚೇರಿ ಎಲ್ಲರೂ ಮುಂದೇನು ಎಂದು ಕೇಳುತ್ತಿದ್ದಾರೆ. ಸಾಮಾನ್ಯವಾಗಿ ಸಿಗುವ ಉತ್ತರ ಯಾವುದು ವೇಗ, ಯಾವುದು ಚಂದ, ಯಾವುದು ಬಿಟ್ಟಿ ಎಂಬುದರ ಹೋಲಿಕೆ. ಈ ಹೋಲಿಕೆಯಿಂದ ಒಂದು ಓಎಸ್ (ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಎಷ್ಟು ಕಾಲ ಬಾಳುತ್ತದೆ ಎಂಬುದು ಗೊತ್ತಾಗುವುದಿಲ್ಲ.

ಬೀಓಎಸ್ ಎಂಬ ಓಎಸ್ 1990ರ ದಶಕದ ಮಷೀನಿನ ಮೇಲೆ ಹಲವು ವಿಡಿಯೋಗಳನ್ನು ಒಟ್ಟಿಗೆ, ತಡವರಿಸದೆ ಓಡಿಸಿ ತೋರಿಸುತ್ತಿತ್ತು. 2001ರಲ್ಲಿ ಅದರ ಕಂಪನಿಯ ಆಸ್ತಿ 1.1 ಕೋಟಿ ಡಾಲರಿಗೆ ಪಾಮ್ ಕಂಪನಿಯ ಪಾಲಾಯಿತು. ಓಎಸ್/2 ಎಂಬುದು 1992ರಲ್ಲೇ 32 ಬಿಟ್‌ನದು, ವಿಂಡೋಸ್ 95 ಬರುವುದಕ್ಕಿಂತ ಮೂರು ವರ್ಷ ಮುಂಚೆ. ಅದೂ ಹೋಯಿತು. ಉಳಿದವುಗಳ ಹಿಂದೆ ಹೆಚ್ಚಾಗಿ ಕಾಣುವುದು ಒಂದೇ ಸಂಗತಿ: ನಿನ್ನೆಯ ಪ್ರೋಗ್ರಾಮು ನಾಳೆಯೂ ನಡೆಯುವಂತೆ ನೋಡಿಕೊಳ್ಳುವ ಬೇಸರದ ಕೆಲಸಕ್ಕೆ ಅಲ್ಲಿ ಯಾರೋ ಸಂಬಳ ಕೊಡುತ್ತಿದ್ದರು. ಹಾಗೆ ಕೊಡುವವರು ಇದ್ದಾರೆಯೇ, ಮುಂದೆಯೂ ಇರುತ್ತಾರೆಯೇ ಎಂಬುದನ್ನು ಹತ್ತು ದಿನದ ಬಿಡುವಿನಲ್ಲಿ ನೀವೇ ಪರೀಕ್ಷಿಸಬಹುದು.

ಮೊದಲ ಅರ್ಧ ದಿನ: ಇರುವುದರ ಪಟ್ಟಿ

ಹೊಸ ಓಎಸ್ ನೋಡುವ ಮುಂಚೆ ನಿಮ್ಮಲ್ಲಿರುವುದನ್ನು ಬರೆಯಿರಿ. ಪ್ರತಿ ಮಷೀನಿನ ಮುಂದೆ ಕೂತು ಮೂರು ವಿಷಯ: ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ತೆರೆದ ಪ್ರೋಗ್ರಾಮುಗಳು, ತಂತಿಯಿಂದಲೋ ವೈಫೈಯಿಂದಲೋ ಜೋಡಿಸಿದ ಸಾಧನಗಳು, ಕಡತಗಳ ಬಗೆಗಳು. "ಒಂದು ವರ್ಷ" ಮುಖ್ಯ. ತಿಂಗಳ ಲೆಕ್ಕಕ್ಕೆ ನಿಂತರೆ ಮಾರ್ಚ್ ಕೊನೆಗೆ ಮಾತ್ರ ತೆರೆಯುವ ಆದಾಯ ತೆರಿಗೆಯ ಸಾಧನ, ಡಿಜಿಟಲ್ ಸಹಿಯ ಟೋಕನ್, ವರ್ಷಕ್ಕೊಮ್ಮೆ ಹೊರತೆಗೆಯುವ ಸ್ಕ್ಯಾನರ್ ಇವೆಲ್ಲ ತಪ್ಪಿಹೋಗುತ್ತವೆ.

ಈ ಪಟ್ಟಿಯಲ್ಲಿ ಎರಡು ಬಗೆಯವು ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ. ಒಂದು ವಿಂಡೋಸಿಗಿಂತ ಹಿಂದಿನ ಡಾಸ್ ಕಾಲದ ಫಾಕ್ಸ್‌ಪ್ರೋ, ಕ್ಲಿಪ್ಪರ್ ಪ್ರೋಗ್ರಾಮುಗಳು. 64 ಬಿಟ್ ವಿಂಡೋಸ್ ಯಾವುದೂ 16 ಬಿಟ್ ಪ್ರೋಗ್ರಾಮನ್ನು ನಡೆಸುವುದಿಲ್ಲ. 32 ಬಿಟ್ ಆವೃತ್ತಿ ವಿಂಡೋಸ್ 10ಕ್ಕೇ ಕೊನೆ, 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅಂದರೆ ಇಲ್ಲಿ "ವಿಂಡೋಸಿನಲ್ಲೇ ಉಳಿದರೆ ತೊಂದರೆಯಿಲ್ಲ" ಎಂಬ ಮಾತು ನಿಜವಲ್ಲ. ವಿಂಡೋಸ್ 11ಕ್ಕೆ ಹೋದರೂ ಲಿನಕ್ಸ್‌ಗೆ ಹೋದರೂ ಆ ಪ್ರೋಗ್ರಾಮಿಗೆ ಹಳೆಯ ಮಷೀನಿನಂತೆ ನಟಿಸುವ ಒಂದು ಎಮ್ಯುಲೇಟರ್ ಬೇಕೇಬೇಕು. ಆಟಗಳಿಗೆಂದು ಮಾಡಿದ ಮೂಲ ಡಾಸ್‌ಬಾಕ್ಸ್‌ನಲ್ಲಿ ಪ್ರಿಂಟಿಂಗ್ ಇಲ್ಲ. ಮುದ್ರಣ ಬೇಕಾದರೆ ಡಾಸ್‌ಬಾಕ್ಸ್-ಎಕ್ಸ್ ನೋಡಿ. ಇಬ್ಬರು ಏಕಕಾಲಕ್ಕೆ ಒಂದೇ ಡೇಟಾ ಕಡತ ತೆರೆಯುವ ಪದ್ಧತಿಯಿದ್ದರೆ, ಲಾಕಿಂಗ್ (ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವುದು) ಸರಿಯಾಗಿ ಆಗುತ್ತದೆಯೇ ಎಂದು ಎರಡು ಮಷೀನಿಟ್ಟು ಪರೀಕ್ಷಿಸದೆ ಮುಂದುವರಿಯಬೇಡಿ. ಅದು ತಪ್ಪಿದರೆ ಎರಡನೆಯವರು ಉಳಿಸಿದ್ದು ಮೊದಲನೆಯವರ ನಮೂದನ್ನು ಸದ್ದಿಲ್ಲದೆ ಅಳಿಸುತ್ತದೆ.

ಇನ್ನೊಂದು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳು. ಯುನಿಕೋಡ್‌ಗಿಂತ ಹಿಂದಿನ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಫಾಂಟ್ ಇಲ್ಲದ ಮಷೀನಿನಲ್ಲಿ ಅಕ್ಷರಗಳ ಕಸ ಕಾಣುತ್ತದೆ. "ಸೂರ್ಯ" ಎಂಬ ಪದವನ್ನೇ ನೋಡಿ. ಹಳೆಯ ಕಡತದಲ್ಲಿ ಸೂ, ಯ, ಆಮೇಲೆ ಅರ್ಕಾವತ್ತು ಎಂಬ ಕ್ರಮದಲ್ಲಿ ಕೂತಿರುತ್ತದೆ, ಅದರಲ್ಲೂ "ಯ" ಒಂದಕ್ಕೇ ನಾಲ್ಕು ಸಂಕೇತ. ಯುನಿಕೋಡ್‌ನಲ್ಲಿ ರ್ ಮೊದಲು, ಯ ಆಮೇಲೆ. ಪರಿವರ್ತಕ ಸಾಧನ ಅಕ್ಷರ ಬದಲಿಸಿದರೆ ಸಾಲದು, ಕ್ರಮವನ್ನೂ ಬದಲಿಸಬೇಕು. ಕಡಿಮೆ ದರ್ಜೆಯ ಪರಿವರ್ತಕಗಳು ಎಡವುವುದು ಇಲ್ಲೇ. ಅದಕ್ಕಿಂತ ದೊಡ್ಡ ಎಡವಟ್ಟು ಇಂಗ್ಲಿಷ್ ಬೆರೆತ ಕಡತಗಳಲ್ಲಿ: ಬರೀ ಪಠ್ಯವನ್ನು ನಕಲಿಸಿ ಪರಿವರ್ತಕಕ್ಕೆ ಹಾಕಿದರೆ ಯಾವ ತುಣುಕು ಯಾವ ಫಾಂಟ್‌ನಲ್ಲಿತ್ತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ನಿಜವಾದ ಇಂಗ್ಲಿಷ್ ಪದಗಳನ್ನೂ ಕನ್ನಡವೆಂದು ತಿಳಿದು ಕಲಸುತ್ತದೆ. ಫಾಂಟ್ ನೋಡಿ ಪರಿವರ್ತಿಸುವ ಸಾಧನ ಆರಿಸಿ. ಇಪ್ಪತ್ತು ಕಡತ ಮಾದರಿಗೆ ತೆಗೆದುಕೊಳ್ಳಿ, ಕೋಷ್ಟಕ ಇರುವವು ಐದು, ಇಂಗ್ಲಿಷ್ ಬೆರೆತವು ಐದು ಇರಲಿ. ಮುದ್ರಿಸಿ ಮೂಲದ ಪಕ್ಕದಲ್ಲಿಟ್ಟು ಓದಿ.

ಎಷ್ಟೋ ಕಚೇರಿಗಳು ವಿಂಡೋಸ್ ಬಿಡದಿರುವುದಕ್ಕೆ ಕಾರಣ ಮೈಕ್ರೋಸಾಫ್ಟ್ ಮೇಲಿನ ಪ್ರೀತಿಯಲ್ಲ, ಈ ಹಳೆಯ ಕಡತಗಳ ರಾಶಿ. ಓಎಸ್‌ಗಳು ಉಳಿಯುವ ಗುಟ್ಟಿನ ಒಂದು ತುಣುಕು ನಿಮ್ಮ ಬೀರುವಿನಲ್ಲೇ ಇದೆ ಅನ್ನಿ.

ಹಳೆಯದನ್ನು ನಡೆಸುವ ಮಾತು: ಓಎಸ್/2 ಕೆಟ್ಟ ಬಗೆ

ಈ ಭಾಗ ಸ್ವಲ್ಪ ಉದ್ದ. ಯಾವ ಓಎಸ್‌ನ ಕೈಪಿಡಿಯಲ್ಲಾದರೂ "ಹಳೆಯ ಪ್ರೋಗ್ರಾಮುಗಳೂ ನಡೆಯುತ್ತವೆ" ಎಂಬ ಸಾಲು ಕಂಡಾಗ ಏನು ಕೇಳಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಐಬಿಎಂ ಮತ್ತು ಮೈಕ್ರೋಸಾಫ್ಟ್ ಕೂಡಿ 1987ರಲ್ಲಿ ಓಎಸ್/2 ತಂದವು. ಐಬಿಎಂ ಆಗಲೇ ಮಾರಿದ್ದ 286 ಪ್ರೊಸೆಸರಿನ ಮಷೀನುಗಳಲ್ಲಿ ಅದು ನಡೆಯಲೇಬೇಕು ಎಂಬುದು ಐಬಿಎಂ ಹಟ. 286 ಚಿಪ್ಪಿನಲ್ಲಿ ಒಂದು ವಿಚಿತ್ರವಿದೆ. ಡಾಸ್ ನಡೆಯುವ ರಿಯಲ್ ಮೋಡ್‌ನಿಂದ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗಲು ಆದೇಶವಿದೆ, ಹಿಂದಿರುಗಲು ಇಲ್ಲ. ಹಿಂದೆ ಬರಬೇಕಾದರೆ ಪ್ರೊಸೆಸರನ್ನೇ ರೀಸೆಟ್ ಮಾಡಬೇಕು. ಓಎಸ್/2ರ ಮೊದಲ ಆವೃತ್ತಿ ಡಾಸ್ ಪ್ರೋಗ್ರಾಮು ನಡೆಸಲು ಪ್ರತಿಸಲವೂ ಇದನ್ನೇ ಮಾಡುತ್ತಿತ್ತು. ಹಾಗಾಗಿ ಡಾಸ್‌ಗೆ ಒಂದೇ ಒಂದು ಕಿಟಕಿ, ಅದೂ ಪರದೆ ತುಂಬ, ಅದರಲ್ಲೂ ಪ್ರೋಗ್ರಾಮುಗಳು ಆಗಾಗ ಕುಸಿಯುತ್ತಿದ್ದವು. ಬಳಕೆದಾರರು ಅದಕ್ಕೆ "ದಂಡದ ಪೆಟ್ಟಿಗೆ" ಎಂದೇ ಹೆಸರಿಟ್ಟರು. ಜೊತೆಗೆ ಅದು ಕೇಳುತ್ತಿದ್ದ ಮೆಮೊರಿ ಆ ಕಾಲದ ಬೆಲೆಗೆ ದುಬಾರಿ.

1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂತು. ಅದು 386 ಚಿಪ್ಪಿನ ವರ್ಚುವಲ್ 8086 ಮೋಡ್ ಬಳಸಿ ಹಲವು ಡಾಸ್ ಪ್ರೋಗ್ರಾಮುಗಳನ್ನು ಒಟ್ಟಿಗೆ ನಡೆಸಿತು. ತಾಂತ್ರಿಕವಾಗಿ ಅದು ಡಾಸ್ ಮೇಲೆ ಹೊದಿಸಿದ ಬಟ್ಟೆ, ಆದರೆ ಜನರ ಬಳಿ ಇದ್ದ ಪ್ರೋಗ್ರಾಮುಗಳು ನಡೆದವು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದ ಜೋಡಿ ಅಷ್ಟರಲ್ಲಿ ಬೇರೆಯಾಯಿತು.

ಐಬಿಎಂ ಪಾಠ ಕಲಿಯಿತು. 1992ರ ಓಎಸ್/2 2.0 ಡಾಸ್ ಪ್ರೋಗ್ರಾಮುಗಳನ್ನು ಅಚ್ಚುಕಟ್ಟಾಗಿ ನಡೆಸಿತು, ವಿಂಡೋಸ್ ಪ್ರೋಗ್ರಾಮುಗಳನ್ನೂ ನಡೆಸಿತು. "ವಿಂಡೋಸಿಗಿಂತ ಒಳ್ಳೆಯ ವಿಂಡೋಸ್" ಎಂದು ಪ್ರಚಾರವನ್ನೂ ಮಾಡಿತು. ಎರಡನೆಯ ಹಳ್ಳ ಇರುವುದು ಅಲ್ಲೇ. ಸಾಫ್ಟ್‌ವೇರ್ ಬರೆಯುವವನ ಕಣ್ಣಿನಿಂದ ನೋಡಿ: ವಿಂಡೋಸಿಗೆ ಬರೆದರೆ ಎರಡೂ ಕಡೆ ಮಾರಬಹುದು, ಓಎಸ್/2ಗೆ ಬರೆದರೆ ಒಂದೇ ಕಡೆ. ಯಾರು ಓಎಸ್/2ಗೆ ಬರೆದಾರು? ಮುಂದೆ ವಿಂಡೋಸ್ 95ಕ್ಕಾಗಿ ಬರೆದ ಪ್ರೋಗ್ರಾಮುಗಳು ಬಂದಾಗ ಓಎಸ್/2 ಅವನ್ನು ಬೆನ್ನಟ್ಟಲಾಗಲಿಲ್ಲ. ಐಬಿಎಂನ ಪಿಸಿ ವಿಭಾಗವೇ ವಿಂಡೋಸ್ ಹಾಕಿ ಮಾರಬೇಕಿತ್ತು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಗೆ ಕಾಲು ಗಂಟೆ ಇರುವಾಗ ಅದಕ್ಕೆ ಪರವಾನಗಿ ಸಿಕ್ಕಿತು ಎಂಬುದು ಅಮೆರಿಕದ ನ್ಯಾಯಾಲಯದ ದಾಖಲೆಯಲ್ಲೇ ಇದೆ. ಐಬಿಎಂ 2006ರ ಕೊನೆಗೆ ಓಎಸ್/2 ಬೆಂಬಲ ನಿಲ್ಲಿಸಿತು.

ಇದರಿಂದ ಹುಟ್ಟುವ ಪರೀಕ್ಷೆ ಹೀಗೆ. ಒಂದು ಓಎಸ್ ಹಳೆಯದನ್ನು ನಡೆಸುತ್ತದೆ ಎಂದಾಗ, ಅದು ತನ್ನದೇ ಹಳೆಯದೋ ಅಥವಾ ಬೇರೆಯವರದ್ದೋ ಕೇಳಿ. ತನ್ನದೇ ಆದರೆ ಒಳ್ಳೆಯ ಲಕ್ಷಣ. ಮ್ಯಾಕ್ ಓಎಸ್ ಎಕ್ಸ್ 2001ರಲ್ಲಿ ಬಂದಾಗ ಒಳಗೆಲ್ಲ ನೆಕ್ಸ್ಟ್ ಕಂಪನಿಯ ಯುನಿಕ್ಸ್, ಹೊರಗೆ ಹೊಸ ಮೈಬಣ್ಣ. ಮೊದಲು ಆಪಲ್ ಎಲ್ಲ ಪ್ರೋಗ್ರಾಮುಗಳನ್ನೂ ಹೊಸದಾಗಿ ಬರೆಯಿರಿ ಎಂದಿತ್ತು, ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಒಲ್ಲೆವೆಂದವು. ಆಗ 1998ರಲ್ಲಿ ಕಾರ್ಬನ್ ಎಂಬ ಸೇತುವೆ ಘೋಷಿಸಿತು, ಅದರಲ್ಲಿ ಹಳೆಯ ಕೋಡನ್ನು ಅಲ್ಪಸ್ವಲ್ಪ ತಿದ್ದಿದರೆ ಸಾಕು. ತಿದ್ದದವಕ್ಕೆ ಕ್ಲಾಸಿಕ್ ಎಂಬ ಇನ್ನೊಂದು ಪೆಟ್ಟಿಗೆ. 2006ರಲ್ಲಿ ಇಂಟೆಲ್‌ಗೆ, 2020ರಲ್ಲಿ ತನ್ನದೇ ಚಿಪ್ಪಿಗೆ ಹೋದಾಗಲೂ ರೊಸೆಟ್ಟಾ ಎಂಬ ಅನುವಾದಕ ಕೊಟ್ಟಿತು. ಆದರೆ ಗಮನಿಸಿ, ಆಪಲ್ ಸೇತುವೆ ಕಟ್ಟುತ್ತದೆ, ಕೆಲವು ವರ್ಷದಲ್ಲಿ ಕೆಡವುತ್ತದೆ. ಮೊದಲ ರೊಸೆಟ್ಟಾ 2011ರ ಲಯನ್ ಆವೃತ್ತಿಯಲ್ಲಿ ಇಲ್ಲವಾಯಿತು. ಹತ್ತು ವರ್ಷ ಮುಟ್ಟದೆ ಒಂದೇ ಪ್ರೋಗ್ರಾಮು ನಡೆಸುವವರಿಗೆ ಮ್ಯಾಕ್ ಸಲ್ಲದು, ವರ್ಷವರ್ಷ ಹೊಸ ಆವೃತ್ತಿ ಕೊಳ್ಳುವವರಿಗೆ ತೊಂದರೆಯಿಲ್ಲ.

ಬೇರೆಯವರದ್ದನ್ನು ನಡೆಸುವ ಭರವಸೆಯಾದರೆ, ಯಾರು ಹಣ ಹಾಕುತ್ತಿದ್ದಾರೆ ನೋಡಿ. ಲಿನಕ್ಸ್ ಮೇಲೆ ವಿಂಡೋಸ್ ಪ್ರೋಗ್ರಾಮು ನಡೆಸುವ ವೈನ್ ದಶಕಗಳಿಂದ ಇದೆ. ಆಟಗಳ ಮಟ್ಟಿಗೆ ಅದು ನಂಬುವಂತಾದದ್ದು 2018ರಲ್ಲಿ ವಾಲ್ವ್ ಕಂಪನಿ ಪ್ರೋಟಾನ್ ಹೆಸರಿನಲ್ಲಿ ಅದಕ್ಕೆ ಬೆನ್ನೆಲುಬಾದ ಮೇಲೆ. ಆಟಕ್ಕೆ ಸಿಕ್ಕ ಆ ಗಮನ ನಿಮ್ಮ ಲೆಕ್ಕದ ಪ್ರೋಗ್ರಾಮಿಗೆ ಸಿಕ್ಕಿರುವುದಿಲ್ಲ. ವೈನ್ ನಂಬಿ ಕಚೇರಿ ಬದಲಿಸಬೇಡಿ ಎಂಬುದು ನಮ್ಮ ಖಚಿತ ಸಲಹೆ.

ಮೈಕ್ರೋಸಾಫ್ಟ್ ಇದೇ ವಿಷಯದಲ್ಲಿ ಎಷ್ಟು ದೂರ ಹೋಗಿತ್ತೆಂದರೆ, ಸಿಮ್‌ಸಿಟಿ ಆಟ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುವ ತಪ್ಪು ಮಾಡುತ್ತಿತ್ತು. ಅದಕ್ಕೆ ಮುಂಚೆ ಹೇಗೋ ನಡೆದುಹೋಗುತ್ತಿತ್ತು. ವಿಂಡೋಸ್ 95ರಲ್ಲಿ ಆಟ ಕುಸಿಯತೊಡಗಿದಾಗ, ಸಿಮ್‌ಸಿಟಿ ಓಡುತ್ತಿದ್ದರೆ ಬಿಟ್ಟ ಮೆಮೊರಿಯನ್ನು ಕೂಡಲೇ ಕಸಿಯಬೇಡ ಎಂಬ ಕೋಡನ್ನು ಓಎಸ್‌ಗೇ ಸೇರಿಸಿದರು. ತಪ್ಪು ಆಟದ್ದು, ತಿದ್ದಿದ್ದು ಓಎಸ್. ಅದೇ ಕಂಪನಿ ಫೋನಿನಲ್ಲಿ ಇದನ್ನು ಮರೆತಿತು. 2010ರ ವಿಂಡೋಸ್ ಫೋನ್ 7ರಲ್ಲಿ ಹಿಂದಿನ ವಿಂಡೋಸ್ ಮೊಬೈಲ್ ಪ್ರೋಗ್ರಾಮುಗಳು ನಡೆಯಲಿಲ್ಲ. 2012ರಲ್ಲಿ ಕರ್ನೆಲ್ (ಓಎಸ್ ಒಳಗಿನ ತಿರುಳು) ಬದಲಾಯಿತು, ಆ ವರ್ಷದ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂದ ಲೂಮಿಯಾ 900ಕ್ಕೂ ಫೋನ್ 8 ಸಿಗಲಿಲ್ಲ. ವಿಂಡೋಸ್ 10 ಮೊಬೈಲ್ ಬಂದಾಗ ಹಲವು ಫೋನ್‌ಗಳು ಮತ್ತೆ ಹೊರಗುಳಿದವು. ಐದಾರು ವರ್ಷದಲ್ಲಿ ಮೂರು ಸಲ ಹೊಸದಾಗಿ ಶುರುಮಾಡಿ ಎಂದರೆ ಡೆವಲಪರ್ ಆಗಲಿ ಕೊಂಡವರಾಗಲಿ ಎಷ್ಟು ಸಲ ಬಂದಾರು? 2015ರ ಜುಲೈನಲ್ಲಿ ನೋಕಿಯಾ ಖರೀದಿಯ ಬಾಬ್ತು 760 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು.

ಆದ್ದರಿಂದ ನೀವು ನೋಡುತ್ತಿರುವ ಓಎಸ್‌ನ ಹಿಂದಿನ ಹತ್ತು ವರ್ಷ ತೆಗೆದು ಎಣಿಸಿ: ಎಷ್ಟು ಸಲ ಹಳೆಯ ಪ್ರೋಗ್ರಾಮು ಮುರಿಯಿತು, ಎಷ್ಟು ಸಲ ಹಳೆಯ ಸಾಧನವನ್ನು ಕೈಬಿಟ್ಟರು, ಎಷ್ಟು ತಿಂಗಳ ಮುನ್ಸೂಚನೆ ಕೊಟ್ಟರು. ಸೊನ್ನೆ ಯಾವುದಕ್ಕೂ ಬರುವುದಿಲ್ಲ. ಒಂದು ಸಹಜ. ಎರಡಕ್ಕಿಂತ ಹೆಚ್ಚಾದರೆ ಕೈ ಹಾಕಬೇಡಿ.

ಪೆನ್‌ಡ್ರೈವ್ ಪರೀಕ್ಷೆ

ಲಿನಕ್ಸ್ ಹಂಚಿಕೆಗಳಲ್ಲಿ (ಬೇರೆ ಬೇರೆ ತಂಡಗಳು ಕಟ್ಟಿಕೊಡುವ ಲಿನಕ್ಸ್ ರೂಪಗಳು, ಡಿಸ್ಟ್ರೋ) ಇನ್‌ಸ್ಟಾಲ್ ಮಾಡದೆಯೇ ನೋಡುವ ಸೌಲಭ್ಯವಿದೆ. 8 ಜಿಬಿ ಪೆನ್‌ಡ್ರೈವ್ ತೆಗೆದುಕೊಂಡು ಅಧಿಕೃತ ತಾಣದಿಂದ ಇಮೇಜ್ ಇಳಿಸಿ, ಅಲ್ಲೇ ಕೊಟ್ಟಿರುವ ಶಾ-256 ಮೊತ್ತ (ಕಡತ ಕೆಡದೆ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಿ, ರೂಫಸ್ ಅಥವಾ ಎಚರ್‌ನಿಂದ ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಮಷೀನ್ ಶುರುವಾಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿ ಪೆನ್‌ಡ್ರೈವ್ ಆರಿಸಿ. ಮೆನುವಿನಲ್ಲಿ ಇನ್‌ಸ್ಟಾಲ್ ಅಲ್ಲ, "ಟ್ರೈ" ಎಂಬುದು.

ನೋಡುವ ಕ್ರಮ: ವೈಫೈ, ಧ್ವನಿ, ಪ್ರೊಜೆಕ್ಟರ್, ಪ್ರಿಂಟರ್, ಸ್ಕ್ಯಾನರ್, ಸಹಿಯ ಟೋಕನ್. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ಮಲಗಿಸಿ ಎಬ್ಬಿಸಿ, ಮೂರು ಸಲ. ಮೊದಲ ಸಲ ಎದ್ದು ಮೂರನೇ ಸಲ ವೈಫೈ ಕಳೆದುಕೊಳ್ಳುವ ಮಷೀನುಗಳಿವೆ. ಆಮೇಲೆ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಆದೇಶವನ್ನು ಮೈನಸ್ ಕೆ ಜೊತೆ (lspci -k) ಕೊಡಿ. ಪ್ರತಿ ಸಾಧನದ ಕೆಳಗೆ "ಕರ್ನೆಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇದ್ದರೆ ಡ್ರೈವರ್ (ಆ ಸಾಧನವನ್ನು ನಡೆಸುವ ತಂತ್ರಾಂಶ) ಹತ್ತಿದೆ ಎಂದರ್ಥ. ವೈಫೈ ಅಥವಾ ಗ್ರಾಫಿಕ್ಸ್ ಕೆಳಗೆ ಆ ಸಾಲು ಇಲ್ಲದಿದ್ದರೆ ಅದೊಂದನ್ನು ಬರೆದಿಟ್ಟುಕೊಳ್ಳಿ.

ಇಲ್ಲಿ ಡ್ರೈವರ್ ಎಲ್ಲಿಂದ ಬಂತು ಎಂಬುದು, ನಡೆಯುತ್ತದೆಯೇ ಎಂಬುದಕ್ಕಿಂತ ಮುಖ್ಯ. ಲಿನಕ್ಸ್ ಕರ್ನೆಲ್ ಹೊರಗಿನ ಪ್ರೋಗ್ರಾಮುಗಳಿಗೆ ಕೊಟ್ಟ ಮಾತು ಮುರಿಯುವುದಿಲ್ಲ. ಅದನ್ನು ಹುಟ್ಟುಹಾಕಿದ ಲೀನಸ್ ಟೋರ್ವಾಲ್ಡ್ಸ್ ಈ ವಿಷಯದಲ್ಲಿ ಕೂಗಾಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಕರ್ನೆಲ್ಲಿನ ಒಳಗಿನ ಜೋಡಣೆಗಳು ಬೇಕೆಂದೇ ಬದಲಾಗುತ್ತಿರುತ್ತವೆ. ಕರ್ನೆಲ್ ಮೂಲದೊಳಗೇ ಇರುವ ಡ್ರೈವರನ್ನು, ಒಳಜೋಡಣೆ ಬದಲಿಸಿದವರೇ ತಿದ್ದುತ್ತಾರೆ. ತಯಾರಕರ ತಾಣದಿಂದ ಪ್ರತ್ಯೇಕವಾಗಿ ಇಳಿಸಿದ ಡ್ರೈವರ್ ಮುಂದಿನ ಕರ್ನೆಲ್ ಅಪ್‌ಡೇಟ್‌ಗೆ ಒಡೆಯಬಹುದು. ಅಂಥ ಸಾಧನವನ್ನು ಈ ಸಲವೇ ಬದಲಿಸುವ ಖರ್ಚಿಗೆ ಸೇರಿಸಿ. ಪ್ರಿಂಟರ್ ಕೊಳ್ಳುವಾಗ ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಇರುವುದನ್ನು ಆರಿಸಿ, ಅವು ಡ್ರೈವರ್ ಇಲ್ಲದೆ ನಡೆಯುತ್ತವೆ. ಪುಟ ರೂಪಿಸುವ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಬಿಡುವ ಅಗ್ಗದ ಹೋಸ್ಟ್-ಬೇಸ್ಡ್ ಲೇಸರ್ ಪ್ರಿಂಟರುಗಳು ಒಂದು ಡ್ರೈವರಿನ ಬಾಲಕ್ಕೆ ಕಟ್ಟಿಕೊಂಡಂತೆ.

ಡ್ರೈವರ್ ಕಾರಣಕ್ಕೆ ಒಂದು ಇಡೀ ಆವೃತ್ತಿಯ ಹೆಸರು ಕೆಡುತ್ತದೆ ಎಂಬುದಕ್ಕೆ ವಿಂಡೋಸ್ ವಿಸ್ಟಾ ಸಾಕ್ಷಿ. 2007ರ ಜನವರಿಯಲ್ಲಿ ಬಂದ ಅದು ಗ್ರಾಫಿಕ್ಸ್ ಡ್ರೈವರ್ ವ್ಯವಸ್ಥೆಯನ್ನೇ ಬದಲಿಸಿತ್ತು, ತಯಾರಕರ ಡ್ರೈವರುಗಳು ಸಿದ್ಧವಿರಲಿಲ್ಲ. ಎರಡೂಮುಕ್ಕಾಲು ವರ್ಷದ ನಂತರ ಬಂದ ವಿಂಡೋಸ್ 7 ಬಹುಮಟ್ಟಿಗೆ ಅದೇ ವ್ಯವಸ್ಥೆಯದು, ಅಷ್ಟರಲ್ಲಿ ಡ್ರೈವರುಗಳು ಪಕ್ವವಾಗಿದ್ದವು, ಜನ ಹೊಗಳಿದರು. ಅದಕ್ಕೇ ಹೊಸ ದೊಡ್ಡ ಆವೃತ್ತಿ ಬಂದ ವರ್ಷವೇ ಕಚೇರಿಗೆ ಹಾಕಬಾರದು.

ಪೆನ್‌ಡ್ರೈವಿನಲ್ಲಿರುವಾಗಲೇ ಕನ್ನಡದ ಪರೀಕ್ಷೆಯನ್ನೂ ಮುಗಿಸಿ. ಸೂರ್ಯ, ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ರ‍್ಯಾಂಕ್ ಎಂಬ ಐದು ಪದ ಸಾಕು. ಕೊನೆಯದರಲ್ಲಿ ಅರ್ಕಾವತ್ತು ಬರದೆ ರ ಕೆಳಗೆ ಯಕಾರ ಬರಬೇಕು; ಕೀಲಿಮಣೆಯಲ್ಲಿ ಅದನ್ನು ಮೂಡಿಸಲು ಬರುತ್ತದೆಯೇ ನೋಡಿ. ಪಿಡಿಎಫ್ ಮಾಡಿ, ಆ ಪಿಡಿಎಫ್‌ನೊಳಗೆ "ರಾಷ್ಟ್ರ" ಎಂದು ಹುಡುಕಿ. ಕಣ್ಣಿಗೆ ಸರಿ ಕಂಡರೂ ಹುಡುಕಾಟಕ್ಕೆ ಸಿಗದ ಪಿಡಿಎಫ್‌ಗಳು ಬಹಳ.

ಓಎಸ್ ಮುಳುಗಲು ಒಂದೇ ಆ್ಯಪ್ ಇಲ್ಲದಿದ್ದರೂ ಸಾಕು

ಫೋನು, ಟ್ಯಾಬ್ಲೆಟ್ ಕೊಳ್ಳುವವರಿಗೆ ಇದು. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ಭಾರತದಲ್ಲಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ಫೋನ್ ಬಿಟ್ಟಿತು. 128 ಎಂಬಿ ರ‍್ಯಾಮ್, ಮೂರೂವರೆ ಇಂಚಿನ ಪರದೆ. ಆ ಬೆಲೆಗೆ ಸ್ಮಾರ್ಟ್‌ಫೋನು ಅದ್ಭುತವೇ, ಆದರೆ ಅಧಿಕೃತ ವಾಟ್ಸ್ಆ್ಯಪ್ ಇರಲಿಲ್ಲ. ಮನೆಯವರೆಲ್ಲ ವಾಟ್ಸ್ಆ್ಯಪ್‌ನಲ್ಲಿರುವಾಗ ಬೇರೆ ಸಾವಿರ ಆ್ಯಪ್ ಕಟ್ಟಿಕೊಂಡು ಏನು ಮಾಡುವುದು? 2015ರ ಡಿಸೆಂಬರ್‌ನಲ್ಲಿ ಮೊಝಿಲ್ಲಾ ಫೋನ್ ವ್ಯವಹಾರ ನಿಲ್ಲಿಸುವುದಾಗಿ ಹೇಳಿತು. ಅದೇ ಕೋಡಿನಿಂದ ಕವಲೊಡೆದ ಕೈಓಎಸ್ 2017ರಲ್ಲಿ ಜಿಯೋಫೋನಿಗೆ ಏರಿತು. ಮರಳಿಸುವ ಠೇವಣಿ 1,500 ರೂಪಾಯಿ, 4ಜಿ ಕರೆ, ಹಂಚಲು ದೇಶದ ತುಂಬ ಅಂಗಡಿ. 2018ರ ಸೆಪ್ಟೆಂಬರ್‌ನಲ್ಲಿ ವಾಟ್ಸ್ಆ್ಯಪ್ಪೂ ಬಂತು. ಬೇರು ಒಂದೇ, ಬಾಳಿದ್ದು ಬೇರೆ ಬೇರೆ, ಏಕೆಂದರೆ ಎರಡನೆಯದಕ್ಕೆ ಆ ಒಂದು ಆ್ಯಪ್ ತರಿಸುವಷ್ಟು ದೊಡ್ಡ ಗಿರಾಕಿ ಬೆನ್ನಿಗಿದ್ದ. 2024ರಲ್ಲಿ ವಾಟ್ಸ್ಆ್ಯಪ್ ಕೈಓಎಸ್‌ಗೆ ಹೊಸದಾಗಿ ಇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದೂ ಅಷ್ಟೇ ಗಮನಾರ್ಹ.

ಹಾಗಾಗಿ ಆ್ಯಪ್‌ಗಳ ಒಟ್ಟು ಸಂಖ್ಯೆ ನೋಡಬೇಡಿ. ನಿಮಗೆ ಬಿಡಲಾಗದ ಐದನ್ನು ಬರೆದು, ಆ ಐದರ ತಯಾರಕರ ಸ್ವಂತ ತಾಣದಲ್ಲಿ ಈ ಓಎಸ್ ಹೆಸರಿದೆಯೇ ಹುಡುಕಿ. ಓಎಸ್‌ನವರ ತಾಣದಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಬ್ಯಾಂಕಿನ ಆ್ಯಪ್ ಆ ಐದರಲ್ಲಿ ಇರಲೇಬೇಕು.

ಹಣ ಯಾರದು, ಹಕ್ಕು ಯಾರದು

ಬಿಟ್ಟಿ ಸಿಗುವ ಓಎಸ್‌ನ ಆಯುಸ್ಸು ಅಳೆಯಲು ಸೆಂಟ್‌ಓಎಸ್ ಎಂಬ ಸರ್ವರ್ ಲಿನಕ್ಸಿನ ಪ್ರಕರಣ ಗೊತ್ತಿರಬೇಕು. ಸೆಂಟ್‌ಓಎಸ್ 8 ಹಾಕಿಕೊಂಡವರು 2029ರವರೆಗೆ ನಿಶ್ಚಿಂತೆ ಎಂದುಕೊಂಡಿದ್ದರು. 2020ರ ಡಿಸೆಂಬರ್ 8ರಂದು ಪ್ರಕಟಣೆ ಬಂತು: 2021ರ ಡಿಸೆಂಬರ್ 31ಕ್ಕೆ ಮುಕ್ತಾಯ. ಎಂಟು ವರ್ಷಕ್ಕೂ ಮಿಕ್ಕಿದ ಭರವಸೆ ಒಂದು ವರ್ಷಕ್ಕಿಳಿಯಿತು. ಆದರೂ ಸರ್ವರುಗಳು ಬೀದಿಗೆ ಬೀಳಲಿಲ್ಲ. ಮೂಲ ಕೋಡಿನ ಪರವಾನಗಿ ಮುಕ್ತವಾಗಿದ್ದರಿಂದ 2021ರ ಮಾರ್ಚ್‌ನಲ್ಲಿ ಆಲ್ಮಾಲಿನಕ್ಸ್, ಜೂನ್‌ನಲ್ಲಿ ರಾಕಿ ಲಿನಕ್ಸ್ ಬಂದವು. ಮರು ಇನ್‌ಸ್ಟಾಲ್ ಮಾಡದೆ ದಾಟುವ ಸ್ಕ್ರಿಪ್ಟುಗಳೂ ಸಿಕ್ಕವು. ಬೀಓಎಸ್‌ಗೆ ಈ ಭಾಗ್ಯವಿರಲಿಲ್ಲ. ಕೋಡು ಮುಚ್ಚಿತ್ತು, ಅಭಿಮಾನಿಗಳು ಹೈಕು ಎಂಬ ಹೆಸರಿನಲ್ಲಿ ಬಹುತೇಕ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಯಿತು: 2001ರಲ್ಲಿ ಶುರು, ಮೊದಲ ಬೀಟಾ 2018ರಲ್ಲಿ. ದೊಡ್ಡ ಕಂಪನಿಯ ಹೆಸರಿದ್ದ ಮಾತ್ರಕ್ಕೆ ರಕ್ಷೆಯೂ ಇಲ್ಲ. ಇಂಟೆಲ್ ತನ್ನ ಕ್ಲಿಯರ್ ಲಿನಕ್ಸ್ ಅನ್ನು 2025ರ ಜುಲೈನಲ್ಲಿ ನಿಲ್ಲಿಸಿತು.

ಹೊರಗಿನಿಂದಲೇ ನೋಡಬಹುದಾದ ಕೆಲವು ಗುರುತುಗಳಿವೆ. ಪೋಲ್‌ಕಿಟ್ ಎಂಬ ಘಟಕದ ದೊಡ್ಡ ಭದ್ರತಾ ದೋಷ 2022ರ ಜನವರಿ 25ರಂದು ಬಹಿರಂಗವಾಯಿತು, ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಅದಿತ್ತು. ನೀವು ನೋಡುತ್ತಿರುವ ಹಂಚಿಕೆಯ ಭದ್ರತಾ ಪ್ರಕಟಣೆಗಳ ಪುಟದಲ್ಲಿ ಅದರ ತಿದ್ದುಪಡಿಯ ದಿನಾಂಕ ಹುಡುಕಿ. ಅದೇ ದಿನ ಅಥವಾ ಮರುದಿನ ಇದ್ದರೆ ಅಲ್ಲಿ ಸಂಬಳದ ಜನರಿದ್ದಾರೆ. ಒಂದು ವಾರ ದಾಟಿದ್ದರೆ ಮನೆಯಲ್ಲಿ ಆಡಿಕೊಳ್ಳಲು ಸರಿ, ಸಂಘದ ಖಾತೆ ಪುಸ್ತಕಕ್ಕೆ ಬೇಡ. ದೋಷಗಳಿಗೆ ಉತ್ತರ ಬರೆಯುವವರ ಹೆಸರುಗಳನ್ನು ಕಳೆದ ಮೂರು ತಿಂಗಳದ್ದು ಓದಿ. ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಆ ಓಎಸ್ ಒಬ್ಬ ಮನುಷ್ಯನ ಆರೋಗ್ಯದ ಮೇಲೆ ನಿಂತಿದೆ. ಬೇರೆ ಬಣ್ಣ, ಬೇರೆ ಮೆನು ಬಳಿದ ಉಪ-ಹಂಚಿಕೆಗಳಿಗಿಂತ ಅವುಗಳ ತಾಯಿಯನ್ನೇ ಆರಿಸಿ: ಡೆಬಿಯನ್, ಉಬುಂಟು ಎಲ್‌ಟಿಎಸ್ (ದೀರ್ಘ ಬೆಂಬಲದ ಆವೃತ್ತಿ), ಸರ್ವರಿಗಾದರೆ ಆಲ್ಮಾ.

ದಿನಾಂಕದ ಲೆಕ್ಕ ಸರಳ. ಬೆಂಬಲ ಮುಗಿಯುವ ದಿನದಿಂದ, ನೀವು ಎಲ್ಲ ಮಷೀನಿಗೂ ಹಾಕಿ ಮುಗಿಸುವ ದಿನ ಕಳೆಯಿರಿ. ಇಂದಿನಿಂದ ಲೆಕ್ಕ ಹಾಕುವುದು ತಪ್ಪು. ಮೂವತ್ತು ಮಷೀನು ಬದಲಿಸಲು ಆರು ತಿಂಗಳು ಹಿಡಿಯುತ್ತದೆ. ಉಬುಂಟು ಎಲ್‌ಟಿಎಸ್‌ಗೆ ಬಿಡುಗಡೆಯಿಂದ ಐದು ವರ್ಷ, ಡೆಬಿಯನ್‌ಗೆ ಮೂರು ವರ್ಷ ಪೂರ್ಣ ಬೆಂಬಲ ಮತ್ತು ಎರಡು ವರ್ಷ ಎಲ್‌ಟಿಎಸ್, ಆಲ್ಮಾಲಿನಕ್ಸ್ 9ಕ್ಕೆ 2032ರವರೆಗೆ. ಬಿಡುಗಡೆಯಾಗಿ ಎರಡು ವರ್ಷವಾದ ಎಲ್‌ಟಿಎಸ್ ಇಂದು ಹಾಕಿದರೆ ನಿಮಗೆ ಸಿಗುವುದು ಮೂರೇ ವರ್ಷ.

ಹೊರಬರುವ ಬಾಗಿಲು

ಹಳೆಯ ಮಷೀನನ್ನು ಅಳಿಸುವ ಮುಂಚೆ ಅದರ ಇಡೀ ಡಿಸ್ಕನ್ನು ವರ್ಚುವಲ್ ಡಿಸ್ಕ್ (ಡಿಸ್ಕಿನ ಪೂರ್ತಿ ನಕಲಿರುವ ಒಂದು ಕಡತ) ಮಾಡಿಟ್ಟುಕೊಳ್ಳಿ. ವಿಂಡೋಸಿನಲ್ಲಿ ಸಿಸ್‌ಇಂಟರ್ನಲ್ಸ್‌ನ ಡಿಸ್ಕ್2ವಿಎಚ್‌ಡಿ ಉಚಿತ. ಡಿಸ್ಕಿನಲ್ಲಿ 120 ಜಿಬಿ ತುಂಬಿದ್ದರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕಡತ ಬರುತ್ತದೆ, ಅದನ್ನು ಬೇರೆ ಹೊರ ಡಿಸ್ಕಿಗೆ ಬರೆಸಿ. ಒಂದು ಮಷೀನಿನೊಳಗೆ ಇನ್ನೊಂದು ಮಷೀನು ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ತೆರೆದು, ನೆಟ್‌ವರ್ಕ್ ಅಡಾಪ್ಟರ್ ತೆಗೆದುಹಾಕಿ, ಬೂಟ್ ಆಗುತ್ತದೆಯೇ ನೋಡಿ. ಬೂಟ್ ಆಗದಿರಲು ಸಾಮಾನ್ಯ ಕಾರಣ ಮೂಲ ಮಷೀನ್ ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆಯದಾಗಿದ್ದು ವರ್ಚುವಲ್ ಮಷೀನಿನಲ್ಲಿ ಇಎಫ್‌ಐ ಗುರುತು ಹಾಕದಿರುವುದು. ಇನ್ನೊಂದು, ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಶನ್) ತೆಗೆಯದೆ ನಕಲಿಸಿದ್ದು. ಮಷೀನಿನ ಜೊತೆ ಬಂದ ಓಇಎಂ ಪರವಾನಗಿ ಆ ಮಷೀನಿಗೇ ಸೀಮಿತ, ವರ್ಚುವಲ್ ಮಷೀನಿಗೆ ದಾಟುವುದಿಲ್ಲ. ಹಳೆಯ ಲೆಕ್ಕ ತೆರೆದು ನೋಡುವ ದಿನಗಳು ಬಂದಾವೆಂದಿದ್ದರೆ ಪ್ರತ್ಯೇಕ ಪರವಾನಗಿ ಲೆಕ್ಕದಲ್ಲಿರಲಿ. ಯುಎಸ್‌ಬಿ ಡಾಂಗಲ್ ಬೇಡುವ ಪ್ರೋಗ್ರಾಮಿದ್ದರೆ ಡಾಂಗಲ್ಲನ್ನು ವರ್ಚುವಲ್ ಮಷೀನಿಗೆ ದಾಟಿಸಿ ತೆರೆದು ನೋಡಿ.

ಹೊಸ ಓಎಸ್ ಮೊದಲು ಎರಡೇ ಮಷೀನಿಗೆ ಹಾಕಿ. ಒಂದು ತಿಂಗಳ ಕೊನೆ, ಒಂದು ತ್ರೈಮಾಸಿಕ ತೆರಿಗೆ ಸಲ್ಲಿಕೆ, ಒಂದು ಬ್ಯಾಕಪ್ ಮರುಸ್ಥಾಪನೆ ಆ ಎರಡರಲ್ಲೇ ನಡೆಯಲಿ. ಉಳಿದ ಮಷೀನುಗಳಿಗೆ ಕೈ ಹಾಕುವುದು ಅದಾದ ಮೇಲೆ. ಬೆಂಬಲ ಮುಗಿಯುವ ದಿನಕ್ಕೆ ಹದಿನೆಂಟು ತಿಂಗಳು ಮುಂಚಿನ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರ್ ದಾಟಿ ಉಳಿಯುವ ಜಾಗದಲ್ಲಿ ಬರೆದಿಡಿ. ನಿರ್ವಾಹಕರ ಪಾಸ್‌ವರ್ಡ್, ಡಿಸ್ಕ್ ಎನ್‌ಕ್ರಿಪ್ಶನ್ ಕೀಲಿ, ಈ ಮೊದಲ ದಿನದ ಪಟ್ಟಿ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ದಸ್ತಾವೇಜುಗಳ ಜೊತೆ ಬೀಗದಲ್ಲಿಡಿ.